ಜಿಂಕೆಮರಿಯ ಹೆಸರು

ಡಬ್ಲಿನ್‌ನ ತಂಡದ ಜೊತೆ ನಮ್ಮ ಮೊದಲ ವಿಡಿಯೋ ಕಾಲ್. ಪರದೆಯ ಮೇಲಿದ್ದ ಹೆಸರನ್ನು ಅಕ್ಷರ ಕೂಡಿಸಿ ಓದಿ ‘ಹಲೋ ಓಯ್ಸಿನ್’ ಅಂದೆ. ಆತ ನಕ್ಕು ‘ಒಶೀನ್’ ಎಂದು ತಿದ್ದಿದ. ಸಿಟ್ಟಿಲ್ಲ, ಸಂಕೋಚವೂ ಇಲ್ಲ. ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸದ ಹಾಗೆ ತಿದ್ದಿ, ಮುಂದಿನ ವಿಷಯಕ್ಕೆ ಹೋದ.

ಐರಿಷ್ ಭಾಷೆಯಲ್ಲಿ ‘ಎಸ್’ ಪಕ್ಕದಲ್ಲಿ ‘ಐ’ ಅಥವಾ ‘ಇ’ ಇದ್ದರೆ ಸಾಮಾನ್ಯವಾಗಿ ‘ಶ’ ಎಂದು ಓದಬೇಕಂತೆ. ಹೆಸರಿನ ಎರಡನೇ ‘ಐ’ ಮೇಲೆ ಪುಟ್ಟ ಓರೆಗೆರೆಯೊಂದಿದೆ. ಅದು ‘ಫಾಡಾ’, ಅಂದರೆ ‘ಉದ್ದ’. ನಮ್ಮ ದೀರ್ಘದ ಹಾಗೆ ಸ್ವರವನ್ನು ಎಳೆಯುತ್ತದೆ. ಶಾನ್ ಎಂಬ ಹೆಸರಿನಿಂದ ಫಾಡಾ ತೆಗೆದರೆ ಉಳಿಯುವ ಪದಕ್ಕೆ ‘ಹಳೆಯ’ ಎಂದರ್ಥ. ನಮ್ಮಲ್ಲಿ ದೀರ್ಘ ಬಿಟ್ಟರೆ ಬಾಳೆ ಹೋಗಿ ಬಳೆ ಆಗುವುದಿಲ್ಲವೇ, ಹಾಗೆ. ನಮ್ಮ ಸಾಫ್ಟ್‌ವೇರ್ ಮಾತ್ರ ಆ ಗೆರೆಯನ್ನು ಒಪ್ಪಲೇ ಇಲ್ಲ, ‘ಸರಿಯಾದ ಹೆಸರು ನಮೂದಿಸಿ’ ಎಂದಿತು. ಹೆಸರಿನ ಜಾಗದಲ್ಲಿ ಎ ಇಂದ ಝಡ್‌ವರೆಗಿನ ಅಕ್ಷರ ಮಾತ್ರ ಬರಲಿ ಎಂಬ ನಿಯಮ ಬರೆದಿದ್ದವನು ನಾನೇ!

ಒಶೀನ್ ಎಂದರೆ ಜಿಂಕೆಮರಿ. ‘ಒಸ್’ ಎಂದರೆ ಜಿಂಕೆ, ‘ಈನ್’ ನಮ್ಮ ‘ಪುಟ್ಟ’ ಇದ್ದ ಹಾಗೆ. ಹೆಸರಿನ ಹಿಂದೊಂದು ಕಥೆ. ಫಿಯಾನಾ ಎಂಬ ವೀರರ ಪಡೆಯ ನಾಯಕ ಫಿನ್ ಬೇಟೆಗೆ ಹೋದಾಗ ಒಂದು ಜಿಂಕೆ ಸಿಕ್ಕಿತು. ಅವನ ಬೇಟೆನಾಯಿಗಳು ಅದನ್ನು ಕಚ್ಚದೆ ಸುತ್ತ ಆಡತೊಡಗಿದವು. ಅದು ಮಂತ್ರವಾದಿಯೊಬ್ಬನ ಶಾಪಕ್ಕೆ ಸಿಕ್ಕ ಸೈವ್ ಎಂಬ ಹೆಣ್ಣು. ಫಿನ್‌ನ ಕೋಟೆಯೊಳಗೆ ಕಾಲಿಟ್ಟೊಡನೆ ಮನುಷ್ಯಳಾದಳು, ಅವನ ಹೆಂಡತಿಯಾದಳು. ಅವನು ಯುದ್ಧಕ್ಕೆ ಹೋಗಿದ್ದಾಗ ಮಂತ್ರವಾದಿ ಮತ್ತೆ ಬಂದು, ಮೋಸದಿಂದ ಅವಳನ್ನು ಹೊರಗೆ ಕರೆಸಿ, ಪುನಃ ಜಿಂಕೆ ಮಾಡಿ ಒಯ್ದ. ಏಳು ವರ್ಷದ ಮೇಲೆ ಬೆನ್ ಬುಲ್ಬೆನ್ ಬೆಟ್ಟದಲ್ಲಿ ಒಬ್ಬ ಹುಡುಗ ಸಿಕ್ಕ. ತನ್ನನ್ನು ಸಾಕಿದ್ದು ಒಂದು ಜಿಂಕೆ ಎಂದ. ಫಿನ್ ಮಗನ ಗುರುತು ಹಿಡಿದು ಒಶೀನ್ ಎಂದು ಕರೆದ. ಕೇಳುತ್ತಿದ್ದಂತೆ ನನಗೆ ನೆನಪಾಗಿದ್ದು ಜಿಂಕೆಗೆ ಹುಟ್ಟಿದ ನಮ್ಮ ಋಷ್ಯಶೃಂಗ. ಶೃಂಗೇರಿಗೆ ಆ ಹೆಸರು ಬಂದದ್ದು ಅವನಿಂದಲೇ ಎನ್ನುತ್ತಾರೆ. ಹತ್ತಿರದ ಕಿಗ್ಗದಲ್ಲಿ ಅವನ ಹೆಸರಿನ ದೇವಾಲಯವೂ ಇದೆ.

ಒಶೀನ್ ಕವಿಯಾದ. ನೀವ್ ಎಂಬ ಸುಂದರಿಯ ಜೊತೆ ಮುಪ್ಪೇ ಇಲ್ಲದ ನಾಡಿಗೆ ಹೋದ. ಮೂರು ವರ್ಷ ಕಳೆಯಿತೆಂದುಕೊಂಡು ಊರು ನೋಡಲು ಬಂದರೆ ಮುನ್ನೂರು ವರ್ಷ ಕಳೆದಿತ್ತು. ಕುದುರೆಯಿಂದ ಇಳಿಯಬೇಡ ಎಂದು ನೀವ್ ಹೇಳಿದ್ದಳು. ಕಲ್ಲು ಎತ್ತಲಾಗದೆ ಒದ್ದಾಡುತ್ತಿದ್ದವರಿಗೆ ಸಹಾಯ ಮಾಡಲು ಬಾಗಿದಾಗ ಜೀನಿನ ಪಟ್ಟಿ ಕಿತ್ತು ನೆಲಕ್ಕೆ ಬಿದ್ದ. ಬಿದ್ದೊಡನೆ ಹಣ್ಣು ಹಣ್ಣು ಮುದುಕನಾದ. ದೀಪಾವಳಿಗೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಂದು ಪರಿಚಿತ ಅಂಗಡಿಯೂ ಕಾಣದೆ ನಿಂತವರಿಗೆ ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ.

1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್ ಈ ಕವಿಯದೆಂದು ಹೇಳಿ ‘ಆಸಿಯನ್’ ಪದ್ಯಗಳನ್ನು ಪ್ರಕಟಿಸಿದ. ಅವು ಅಸಲಿಯೇ ಎಂಬ ಜಗಳ ದೊಡ್ಡದಾಯಿತು. ಆದರೂ ಯುರೋಪು ಮರುಳಾಯಿತು, ನೆಪೋಲಿಯನ್ ಕೂಡ. ಒಶೀನ್‌ನ ಮಗನ ಹೆಸರು ಆಸ್ಕರ್. ನೆಪೋಲಿಯನ್ ಧರ್ಮಪಿತನಾಗಿದ್ದ ಒಂದು ಮಗುವಿಗೆ ಇದೇ ಹೆಸರಿಟ್ಟರು. ಆ ಮಗು 1844ರಲ್ಲಿ ಸ್ವೀಡನ್ನಿನ ದೊರೆಯಾಯಿತು. 1854ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಆಸ್ಕರ್ ವೈಲ್ಡ್‌ನ ಹೆಸರಿನ ಮೂಲವೂ ಇದೇ ಕಥೆ.

ಇತ್ತ ಐರ್ಲೆಂಡಿನಲ್ಲಿ ಇಂಗ್ಲಿಷರ ಆಳ್ವಿಕೆ. ಇಂಗ್ಲಿಷ್ ಕಿವಿಗೆ ಒಗ್ಗಲೆಂದು ಟೈಗ್ ಎಂಬವನು ದಾಖಲೆಯಲ್ಲಿ ತಿಮೋತಿಯಾದ, ಕಾನರ್ ಕಾರ್ನೀಲಿಯಸ್ ಆದ. 1845ರಲ್ಲಿ ಶುರುವಾದ ಮಹಾಕ್ಷಾಮಕ್ಕೆ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಭಾಷೆ ಇನ್ನಷ್ಟು ಸೊರಗಿತು. 1893ರಲ್ಲಿ ಗೇಲಿಕ್ ಲೀಗ್ ಹುಟ್ಟಿದ ಮೇಲೆ ಭಾಷೆಯ ಜೊತೆ ಹಳೆಯ ಹೆಸರುಗಳಿಗೂ ಮರುಜೀವ ಬಂತು. ಈಗ ಅಲ್ಲಿ ಒಶೀನ್ ತೀರಾ ಸಾಮಾನ್ಯ ಹೆಸರು.

ಇಷ್ಟನ್ನೆಲ್ಲ ನಾನು ಕೆದಕಿದ್ದು ಮಗಳಿಂದಾಗಿ. ಅವಳ ಹೆಸರು ಬೆಳ್ಳಿ. ಹುಟ್ಟಿದ್ದು ಬೆಳಗಿನ ಜಾವ, ಆಸ್ಪತ್ರೆಯ ಕಿಟಕಿಯಲ್ಲಿ ಬೆಳ್ಳಿಚುಕ್ಕಿ ಕಾಣುತ್ತಿತ್ತು. ಹೆಸರು ಸೂಚಿಸಿದವರು ನಮ್ಮಮ್ಮ. ನೋಯ್ಡಾದ ಶಾಲೆಯಲ್ಲಿ ಹಿಂದಿಯವರ ಬಾಯಿಗೆ ‘ಳ’ ಬರದೆ ಅದು ‘ಬೆಲ್ಲಿ’ ಆಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಹೊಟ್ಟೆ ಎಂಬ ಅರ್ಥವೂ ಇದೆಯಲ್ಲ, ಮಕ್ಕಳು ಬಿಡುತ್ತಾರೆಯೇ? ಕಳೆದ ತಿಂಗಳು ಬಂದವಳೇ, ‘ಅಪ್ಪಾ, ಇನ್ಮೇಲೆ ನಾನು ಬೆಲ್ಲಾ’ ಅಂದಳು. ನನಗೆ ಮಾತು ಹೊರಡಲಿಲ್ಲ. ಆಫೀಸಿನಲ್ಲಿ ನನ್ನ ಹೆಸರನ್ನು ನಾನೇ ಎರಡಕ್ಷರಕ್ಕೆ ಕತ್ತರಿಸಿಕೊಂಡು ಹದಿನೈದು ವರ್ಷವಾಗಿದೆ. ಇವಳಿಗೆ ಯಾವ ಬಾಯಲ್ಲಿ ಬುದ್ಧಿ ಹೇಳಲಿ?

ಒಂದು ಸಂಜೆಯ ಕಾಲ್‌ನಲ್ಲಿ ಒಶೀನ್‌ಗೆ ಅವಳನ್ನು ತೋರಿಸಿದೆ. ಹೆಸರು ಕೇಳಿದ. ಅವಳು ಸ್ವಲ್ಪ ತಡೆದು ‘ಬೆಳ್ಳಿ’ ಅಂದಳು. ಅವನಿಗೆ ಬರಲಿಲ್ಲ. ಇನ್ನೊಮ್ಮೆ ಹೇಳು ಎಂದ. ನಾಲ್ಕನೇ ಸಲಕ್ಕೆ ನಾಲಿಗೆ ಹೊರಳಿತು. ‘ಈಗ ನನ್ನ ಹೆಸರು ಹೇಳು’ ಎಂದ. ಇವಳಿಗೆ ಮೊದಲ ಸಲಕ್ಕೇ ಬಂತು. ‘ಶ’ ನಮ್ಮಲ್ಲಿದೆಯಲ್ಲ!

ಎಲ್ಲ ಸರಿಹೋಯಿತು ಎನ್ನಲಾರೆ. ಶಾಲಾ ವ್ಯಾನಿನಲ್ಲಿ ಈಗಲೂ ಅವಳು ಬೆಲ್ಲಾ. ಆದರೆ ಹೊಸ ನೋಟ್‌ಬುಕ್ಕಿನ ಲೇಬಲ್ ಮೇಲೆ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಹೆಸರು ಬರೆದುಕೊಂಡಿದ್ದಾಳೆ. ಳಕ್ಕೆ ಒತ್ತು ಕೊಡುವುದು ಮರೆತಿದ್ದಳು, ತಾನೇ ಸೇರಿಸಿದಳು. ನಾನು ಆ ಕೋಡ್ ತಿದ್ದಿದೆ. ಫಾಡಾ ಈಗ ಉಳಿಯುತ್ತದೆ. ಮೊನ್ನೆಯ ಕಾಲ್‌ನಲ್ಲಿ ನನ್ನ ಪೂರ್ತಿ ಹೆಸರನ್ನೂ ಹೇಳಿಕೊಂಡೆ.

ನಿಮ್ಮ ಮನೆಯ ಹೆಸರುಗಳನ್ನು ನಿಮ್ಮ ನಗರ ಏನೆಂದು ಕರೆಯುತ್ತಿದೆ? ಬರೆದು ತಿಳಿಸಿ.