ತರಗತಿಯಲ್ಲಿ ಮೊಬೈಲು: ಹಾನಿ ಯಾರಿಗೆ?

ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುವಾಗಲೇ ವಿದ್ಯಾರ್ಥಿಗಳು ಮೊಬೈಲು, ಲ್ಯಾಪ್‌ಟಾಪುಗಳಲ್ಲಿ ಮುಳುಗಿರುವುದು ಇಂದು ಸರ್ವೇಸಾಮಾನ್ಯವಾಗಿದೆ. ಆಕ್ಷೇಪಿಸಿದರೆ ಸಿದ್ಧ ಉತ್ತರವೊಂದು ದೊರೆಯುತ್ತದೆ: "ಶುಲ್ಕ ಕಟ್ಟಿದವರು ನಾವು, ಗಮನ ತಪ್ಪಿದರೆ ನಷ್ಟವೂ ನಮ್ಮದೇ." ಪದವಿ ವಿದ್ಯಾರ್ಥಿಗಳು ಪ್ರಾಪ್ತವಯಸ್ಕರೆಂಬ ಕಾರಣಕ್ಕೆ ಅನೇಕ ಅಧ್ಯಾಪಕರೂ ಇದಕ್ಕೆ ತಲೆದೂಗುತ್ತಾರೆ. ಉದಾರವೆಂದು ತೋರುವ ಈ ವಾದ ಬುಡದಲ್ಲೇ ತಪ್ಪು.

ಕೆನಡಾದ ಮ್ಯಾಕ್‌ಮಾಸ್ಟರ್ ಮತ್ತು ಯಾರ್ಕ್ ವಿಶ್ವವಿದ್ಯಾಲಯಗಳ ಸಂಶೋಧಕರು 2013ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಮೊದಲನೆಯದರಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಅನ್ಯಕಾರ್ಯ ಮಾಡಿದವರು ಉಳಿದವರಿಗಿಂತ ನೂರಕ್ಕೆ 11 ಅಂಕ ಕಡಮೆ ಪಡೆದರು. ಇದು ನಿರೀಕ್ಷಿತವೇ. ಎರಡನೆಯದರಲ್ಲಿ ಕಾಗದ, ಲೇಖನಿ ಮಾತ್ರ ಹಿಡಿದವರನ್ನು ಪರೀಕ್ಷಿಸಲಾಯಿತು. ಅನ್ಯಕಾರ್ಯನಿರತರ ಪರದೆಗಳು ಕಣ್ಣಿಗೆ ಬೀಳುವಂತೆ ಕುಳಿತವರು, ಅವು ಕಾಣದಂತೆ ಕುಳಿತವರಿಗಿಂತ 17 ಅಂಕ ಹಿಂದೆ ಬಿದ್ದರು. ಯಾವ ಯಂತ್ರವನ್ನೂ ಮುಟ್ಟದ ಇವರ ತಪ್ಪೇನು? ಬೇಕೆಂದು ನೋಯಿಸುವುದಷ್ಟೇ ಹಿಂಸೆಯಲ್ಲ, ಪ್ರಮಾದದಿಂದ ಆಗುವ ಕೇಡೂ ಹಿಂಸೆಯೇ ಎಂದು ಕೇಳುತ್ತ ಮಕ್ಕಳು ಬೆಳೆಯುವ ಮನೆಗಳಲ್ಲಿ ಈ ಪ್ರಶ್ನೆಯನ್ನು ವಿಸ್ತರಿಸಬೇಕಾಗಿಲ್ಲ.

ಆದರೆ ದೋಷವನ್ನೆಲ್ಲ ವಿದ್ಯಾರ್ಥಿಗಳ ತಲೆಗೆ ಕಟ್ಟುವುದು ಅನ್ಯಾಯ. 2020ರಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ಮೊಬೈಲನ್ನೇ ತರಗತಿಯಾಗಿಸಿದವರು ಹಿರಿಯರು. ಬಾಗಿಲು ತೆರೆದ ಮೇಲೆ ಆ ವ್ಯವಸ್ಥೆಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ಎಷ್ಟು ಆಡಳಿತ ಮಂಡಲಿಗಳು ಯೋಚಿಸಿದವು? ಟಿಪ್ಪಣಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ತರಗತಿಯಲ್ಲಿ ಅದನ್ನೇ ಓದಿಹೇಳುವ ಅಧ್ಯಾಪಕರೂ ಪಾಠದ ವೇಳೆಯಲ್ಲೇ ಮಗನಿಗೆ ಕರೆಮಾಡುವ ತಂದೆತಾಯಿಗಳೂ ಈ ದೋಷದಲ್ಲಿ ಪಾಲುದಾರರು.

ಇನ್ನು ಕೆಲವರು ಆವರಣದೊಳಗೇ ಮೊಬೈಲು ಕೂಡದೆಂದು ಕಟ್ಟಪ್ಪಣೆ ಮಾಡಿ, ಕಿತ್ತಿಟ್ಟುಕೊಂಡು, ದಂಡ ವಿಧಿಸುವುದೇ ಮದ್ದೆಂದು ನಂಬಿದ್ದಾರೆ. ಅದೂ ಅವಿವೇಕ. ದೃಷ್ಟಿಹೀನ ವಿದ್ಯಾರ್ಥಿಗೆ ಪಠ್ಯವನ್ನು ಓದಿಹೇಳುವ ಸಾಧನ ಅದೇ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ ಹುಡುಗಿಗೆ ಸಂಜೆಯ ಧೈರ್ಯವೂ ಅದೇ. ಹಾಗೆಂದು ಅರೆಬರೆ ನಿಯಮವೂ ಸಾಲದು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಅರ್ಥಶಾಸ್ತ್ರ ತರಗತಿಗಳ ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಅಲ್ಲಿ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಮಲಗಿಸಿಯೇ ಬಳಸಬೇಕೆಂಬ ನಿಯಮವಿದ್ದ ತರಗತಿಗಳವರೂ, ಸಾಧನಗಳೇ ಇಲ್ಲದ ತರಗತಿಗಳವರಿಗಿಂತ ಅಂತಿಮ ಪರೀಕ್ಷೆಯಲ್ಲಿ ಸರಾಸರಿ ಹಿಂದುಳಿದರು.

ಆದುದರಿಂದ ನಿಯಮ ಸ್ಪಷ್ಟವಾಗಿರಲಿ. ಪಾಠದ ಅವಧಿಯಲ್ಲಿ ಮೊಬೈಲು ಸ್ತಬ್ಧವಾಗಿ ಚೀಲದೊಳಗಿರಲಿ, ಅಧ್ಯಾಪಕರದೂ ಸಹ. ಪಾಠಕ್ಕೆ ಅಗತ್ಯವಾದಾಗ ಅವರೇ ತೆರೆಯಿಸಲಿ, ಕೆಲಸ ಮುಗಿದೊಡನೆ ಮುಚ್ಚಿಸಲಿ. ಅಂಗವಿಕಲ ವಿದ್ಯಾರ್ಥಿಗಳಿಗೆ ಪೂರ್ಣ ವಿನಾಯಿತಿಯಿರಲಿ. ಮನೆಯಿಂದ ತುರ್ತು ಸುದ್ದಿ ಬಂದರೆ ಕಾಲೇಜು ಕಚೇರಿ ಅದನ್ನು ತಲುಪಿಸಲಿ. ಕಾಲೇಜು, ವಿದ್ಯಾರ್ಥಿನಿಲಯಗಳನ್ನು ನಡೆಸುವ ಟ್ರಸ್ಟುಗಳು ಪ್ರವೇಶದ ದಿನವೇ ಇದನ್ನು ಪೋಷಕರ ಮುಂದಿಟ್ಟು ಒಪ್ಪಿಗೆ ಪಡೆಯಲಿ.

ಕಟ್ಟಡಕ್ಕೆ, ಕಂಪ್ಯೂಟರುಗಳಿಗೆ ದಾನಿಗಳು ದೊರೆಯುತ್ತಾರೆ; ಅವರ ಹೆಸರು ಗೋಡೆಯ ಮೇಲೆ ಕೆತ್ತಲ್ಪಡುತ್ತದೆ. ಮುಂದಿನ ಸಾಲುಗಳ ಪರದೆಗಳೆಲ್ಲ ಕಣ್ಣಿಗೆ ರಾಚುವ ಹಿಂದಿನ ಬೆಂಚಿನಲ್ಲಿ, ಪಾಠ ಕೇಳಬೇಕೆಂದೇ ಬಂದು ಕುಳಿತ ಬಡ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ಏಕಾಗ್ರತೆಯನ್ನು ಕಾಯಲು ದಾನಿಗಳು ಬೇಕಿಲ್ಲ. ಆಡಳಿತ ಮಂಡಲಿಯ ಒಂದು ನಿರ್ಣಯ ಸಾಕು.