ಗಾಯಗೊಂಡ ಚಿನ್ನದ ಮೀನಿನ ಶುಶ್ರೂಷೆ

ಮೈಮೇಲಿನ ಲೋಳೆಯೇ ಚಿನ್ನದ ಮೀನಿನ ಕವಚ. ಚೂಪುಗಲ್ಲು ತಗುಲಿ ಅದು ಹರಿದಾಗ, ನೀರು ಕೊಳೆಯಾಗಿದ್ದರೆ ಗಾಯವು ಕೆಂಪೇರಿ, ಹತ್ತಿಯಂತಹ ಬಿಳಿಯ ಬೂಷ್ಟು ಹಿಡಿಯುವುದು. ಆದುದರಿಂದ ಶುದ್ಧಜಲವೇ ಮೊದಲನೆಯ ಔಷಧ.

ಮೀನನ್ನು ಒಣಗೈಯಿಂದ ಮುಟ್ಟದೆ, ನೀರಿನೊಡನೆಯೇ ಬಟ್ಟಲಿನಲ್ಲೆತ್ತಿ ಬೇರೆ ತೊಟ್ಟಿಗೆ ಬಿಡತಕ್ಕದ್ದು. ಅಲ್ಲಿಯ ನೀರು ಹಳೆಯದರಷ್ಟೇ ಬೆಚ್ಚಗಿರಲಿ. ನಲ್ಲಿಯ ನೀರಿನ ಕ್ಲೋರಿನ್ನು ಕಿವಿರುಗಳನ್ನು ಸುಡುವುದರಿಂದ, ಅದನ್ನು ಕಳೆಯುವ ಮದ್ದನ್ನು ಮೊದಲೇ ಬೆರೆಸಿರಬೇಕು. ಅಯೋಡಿನ್ ಸೇರದ ಉಪ್ಪನ್ನು ಲೀಟರಿಗೆ 1 ಗ್ರಾಮಿನಂತೆ ಕರಗಿಸಿ ಹಾಕುವುದು. ದಿನವೂ ಕಾಲುಭಾಗ ನೀರನ್ನು ಬದಲಿಸಿ, ಹೊಸದಾಗಿ ಹಾಕಿದ ನೀರಿಗೆ ತಕ್ಕಷ್ಟೇ ಉಪ್ಪು ಸೇರಿಸಬೇಕು. ಉಪ್ಪು ಆವಿಯಾಗಿ ಹೋಗುವ ವಸ್ತುವಲ್ಲ. ಆಹಾರ ಮಿತವಾಗಿರಲಿ.

ಬೂಷ್ಟು ಹಬ್ಬಿದರೆ ಪಶುವೈದ್ಯರನ್ನು ಕಾಣುವುದು ಲೇಸು. ಗಾಯ ಮಾಯ್ದರೂ, ಆ ಚೂಪುಗಲ್ಲನ್ನು ತೆಗೆಯದೆ ಮೀನನ್ನು ಹಳೆಯ ತೊಟ್ಟಿಗೆ ಮರಳಿಸಬಾರದು.