ಕೆರೆ ಏರಿಯ ಸದ್ದೂ ಲ್ಯಾಪ್‌ಟಾಪ್ ಸಂಗೀತವೂ

ನಾಲ್ಕು ಪದ ಟೈಪ್ ಮಾಡಿದರೆ ಎಐ ಹಾಡು ಕಟ್ಟಿಕೊಡುತ್ತದೆ. ಹಾಗಾದರೆ ಲ್ಯಾಪ್‌ಟಾಪ್‌ನಲ್ಲೇ ಸಂಗೀತ ಮಾಡುವ ಸ್ವತಂತ್ರ ಕಲಾವಿದರಿಗೆ ಉಳಿದಿರುವುದೇನು? ಅವರು ಇಷ್ಟು ದಿನ ಏನೇನು ಕೇಳಿದ್ದಾರೋ ಅದು. ಬೆಂಗಳೂರಿನ ‘ಸಲ್ಕ್ ಸ್ಟೇಷನ್’ ಜೋಡಿಯನ್ನೇ ನೋಡಿ. 2012ರ ‘ಟಿಲ್ ಯು ಅಪಿಯರ್’ ಆಲ್ಬಂನಲ್ಲಿ ತನ್ವಿ ರಾವ್ ಅವರ ಹಿಂದೂಸ್ತಾನಿ ಛಾಯೆಯ ಗಾಯನ, ರಾಹುಲ್ ಗಿರಿ ಅವರ ನಿಧಾನಗತಿಯ ಎಲೆಕ್ಟ್ರಾನಿಕ್ ಬೀಟ್ ಬೆರೆತಿವೆ. ಇಂಥ ಬೆರಕೆ ಮೊದಲು ಕಿವಿಯಲ್ಲಿ ಆಗಬೇಕು. (ಬಿ.ಇ. ಓದುವ ನನಗೆ ಸಾಫ್ಟ್‌ವೇರ್ ಮೇಲೇನೂ ಸಿಟ್ಟಿಲ್ಲ!)

ನಮ್ಮ ಬೈರಮಂಗಲದಲ್ಲಿ ಕಿವಿಗೊಟ್ಟರೆ ಬೆಂಗಳೂರಿನ ಕೊಳಚೆ ಹೊತ್ತು ಕೆರೆಗಿಳಿಯುವ ವೃಷಭಾವತಿ, ಬಿಡದಿ ಕಾರ್ಖಾನೆ ಬಸ್ಸುಗಳ ಹಾರ್ನ್, ಟೌನ್‌ಶಿಪ್‌ಗೆ ಭೂಮಿ ಕೊಡೆವೆನ್ನುವ ರೈತರ ಘೋಷಣೆ. ಮೊಬೈಲ್ ರೆಕಾರ್ಡರ್‌ಗೆ ಇವೆಲ್ಲ ಸಿಗುತ್ತವೆ. ತೋಟ ಹೋದ ಮೇಲೆ ತೆಂಗಿನ ಗರಿಯ ಸದ್ದನ್ನು ಯಾವ ಎಐ ಬಳಿ ಕೇಳೋಣ?